ಭಾನುವಾರ ರುಬ್ಬಿಸಿದ ಹಿಟ್ಟು

ನಾನು ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ. ಆದರೂ ಎರ್ನಾಕುಲಂನ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಬರುತ್ತಿದ್ದದ್ದು ಹಿರಿಯ ಅಡುಗೆಯವನಾದ ನನ್ನ ಹತ್ತಿರ. ಕಾಳುಮೆಣಸಿನ ಕಷಾಯ ಕುಡಿಸಿ, ಎರಡು ದಿನ ಹಗುರದ ಕೆಲಸಕ್ಕೆ ಹಾಕುತ್ತಿದ್ದೆ. ಧಣಿಗಳಿಗೆ ತಿಳಿದರೆ ಊರಿನ ಬಸ್ಸು ಹತ್ತಿಸಿಬಿಡುತ್ತಿದ್ದರು. ಅದಕ್ಕೇ ಕಾಯಿಲೆ ಮುಚ್ಚಿಡುವುದು ನಮ್ಮವರೆಲ್ಲರ ಅಭ್ಯಾಸ.

ಅರುವತ್ತರ ದಶಕದ ಕೊನೆಗೆ ಆ ಡಾಕ್ಟರು ಬಂದರು. ಕಾಸರಗೋಡು ಕಡೆಯವರು, ತಿರುವನಂತಪುರದಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಪಾಠ ಹೇಳುವವರು. ತಿಂಗಳಿಗೆ ಎರಡು ಭಾನುವಾರ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ರೈಲಿನಲ್ಲಿ ಬರುತ್ತಿದ್ದರು. ಮಲಯಾಳ ಬಾರದೆ ಆಸ್ಪತ್ರೆಯಲ್ಲಿ ಬೆಪ್ಪಾಗಿ ನಿಲ್ಲುತ್ತಿದ್ದ ಹೋಟೆಲು ಕೆಲಸದವರನ್ನು ಹಿಂದಿನ ಬೀದಿಯ ಕೋಣೆಯೊಂದರಲ್ಲಿ ಕನ್ನಡದಲ್ಲೇ ಮಾತಾಡಿಸಿ ನೋಡುತ್ತಿದ್ದರು. ಕಾಯಿಲೆಯವನನ್ನು ಕೆಲಸದಿಂದ ತೆಗೆಯಬೇಡಿ ಎಂದು ಧಣಿಗಳಿಗೆ ಹೇಳಲಿಕ್ಕೂ ಬಂದರು. ಧಣಿಗಳು ಎದ್ದು ನಿಂತು ಕೇಳಿದರು. ಹದಿನೈದು ವರ್ಷ ಅವರ ಒಲೆಯ ಮುಂದೆ ಬೆಂದ ನನಗೆ ಅವರು ಒಮ್ಮೆಯೂ ಎದ್ದು ನಿಂತದ್ದಿಲ್ಲ.

ಹೊಟ್ಟೆ ಉರಿಯಿತು. ಡಾಕ್ಟರು ನೋಡುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಎರಡು ಗಂಟೆಗೆ ರುಬ್ಬಿ ಮುಗಿಸುತ್ತಿದ್ದ ಇಡ್ಲಿ ಹಿಟ್ಟನ್ನು ಆ ಭಾನುವಾರಗಳಲ್ಲಿ ಮಾತ್ರ ನಾಲ್ಕಕ್ಕೆ ರುಬ್ಬಿಸತೊಡಗಿದೆ.

ರುಬ್ಬುವವನಿಗೆ ಕೆಮ್ಮಿತ್ತು. ಒಮ್ಮೆ ಕೇಳಿದ:

“ಭಟ್ರೇ, ಅರ್ಧ ಗಂಟೆ ಹೋಗಿ ಬರ್ಲಾ? ಡಾಕ್ಟ್ರು ಬಂದಿದ್ದಾರಂತೆ.”

“ಹೋಗು ಮಾರಾಯ. ಹಿಟ್ಟು ಡಾಕ್ಟ್ರೇ ಬಂದು ರುಬ್ತಾರಾ?”

ಎಲ್ಲರೂ ನಕ್ಕರು. ಅವನೂ ನಕ್ಕ, ನಗುತ್ತಲೇ ಕೆಮ್ಮಿದ, ಮತ್ತೆ ಕಲ್ಲಿನ ಮುಂದೆ ಕುಳಿತ.

ಹೀಗೆ ಮೂರು ಸಲ ಆಯಿತು. ನಾಲ್ಕನೆಯ ಸಲ ಅವನು ಬಾಯಿ ಒರೆಸಿಕೊಂಡ ಹೆಗಲಿನ ಬೈರಾಸಿನಲ್ಲಿ ರಕ್ತ ಕಂಡಿತು. ನಾನೇ ಕೈಹಿಡಿದು ಆ ಕೋಣೆಗೆ ಕರೆದುಕೊಂಡು ಹೋದೆ. ಕ್ಷಯ ಎಂದರು. ಮರುದಿನ ಡಾಕ್ಟರ ಆಸ್ಪತ್ರೆಗೆ ಸೇರಿಸಲು ತಿರುವನಂತಪುರಕ್ಕೂ ನಾನೇ ಜೊತೆಗೆ ಹೋದೆ.

ವಾರ್ಡಿನಲ್ಲಿ ಡಾಕ್ಟರು ನನ್ನನ್ನು ವಿದ್ಯಾರ್ಥಿಗಳ ಮುಂದೆ ನಿಲ್ಲಿಸಿ, “ಪುಸ್ತಕ ಆಮೇಲೆ. ಮೊದಲು ಇವರನ್ನು ಕೇಳಿ,” ಎಂದರು. ಎದೆ ಉಬ್ಬಿತು. ಉಗ್ರಾಣದಲ್ಲಿ ಎಂಟು ಜನ ಮಲಗುವುದು, ಇಲಿ ಬರುತ್ತದೆಂದು ಕಿಟಕಿ ಮುಚ್ಚುವುದು, ಎಲ್ಲವನ್ನೂ ಮಲಯಾಳದಲ್ಲಿ ಹೇಳಿದೆ. ಅವರು ಬರೆದುಕೊಂಡರು. ಆಗ ಒಬ್ಬಳು ವಿದ್ಯಾರ್ಥಿನಿ ನನ್ನನ್ನು ಅಣ್ಣನೆಂದು ಕರೆದು ಮಲಯಾಳದಲ್ಲೇ ಕೇಳಿದಳು:

“ಚೇಟ್ಟಾ, ಸರ್ ಅಲ್ಲಿಗೇ ಬರ್ತಿದ್ರಲ್ಲ. ಇವರು ಯಾಕೆ ಮೊದಲೇ ತೋರಿಸಲಿಲ್ಲ?”

ಮಂಚದ ಮೇಲಿದ್ದವನು ಮಾತು ತಿಳಿಯದೆ ನನ್ನ ಮುಖ ನೋಡುತ್ತಿದ್ದ. ಸುಳ್ಳು ಹೇಳಿದ್ದರೆ ಅವನಿಗೆ ಗೊತ್ತಾಗುತ್ತಿರಲಿಲ್ಲ.

“ನಾನು ಬಿಡಲಿಲ್ಲ,” ಎಂದೆ.

ಡಾಕ್ಟರು ನನ್ನನ್ನು ಬೈಯಲಿಲ್ಲ. “ಅದನ್ನೂ ಬರೆದುಕೊಳ್ಳಿ,” ಎಂದರು ಅಷ್ಟೆ. ಬೈದಿದ್ದರೆ ಅವರನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು.

ಹೋಟೆಲಿಗೆ ಮರಳಿ ಬಂದವನೇ ನಾನು ರುಬ್ಬುವ ಹೊತ್ತನ್ನು ಮತ್ತೆ ಎರಡಕ್ಕೆ ತಂದೆ. ತಿಂಗಳುಗಳ ನಂತರ ರುಬ್ಬುವವನು ಗುಣವಾಗಿ ಬಂದ ದಿನ ಬೆಳಗ್ಗೆಯೇ ಅವನಿಗೆಂದು ಕಷಾಯ ಕಾಸಿಟ್ಟಿದ್ದೆ. ಅವನು ಚೀಲ ಇಳಿಸುವ ಮೊದಲೇ ಕೇಳಿದ:

“ಭಟ್ರೇ, ಡಾಕ್ಟ್ರು ಬರುದು ಈ ಭಾನುವಾರವಾ?”

“ಹೌದು,” ಎಂದೆ. ಕಷಾಯವನ್ನು ನಾನೇ ಕುಡಿದೆ.