ಗುರುವಾರದ ಕೆಂಪು ಗೆರೆ

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಅಲ್ಲಿನ ಚರ್ಮ ಸುಟ್ಟು, ಬೆಳೆದು, ಮತ್ತೆ ಸುಟ್ಟು, ಹುಣಸೆ ಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಉರಿಯುವ ಮೇಣಬತ್ತಿಯನ್ನು ಮೂವತ್ತು ವರ್ಷ ಆ ಎರಡು ಬೆರಳುಗಳಿಂದಲೇ ಚಿವುಟಿ ಆರಿಸಿದವರು ಅವರು. ಬಾಯಿಂದ ಊದಿದ್ದನ್ನು ನಾನು ಕಂಡಿಲ್ಲ. "ಊದಿದ್ರ ಕಟ್ಟಿದ್ದೆಲ್ಲಾ ಬಿಚ್ಚಿ ಹೋಗ್ತದ ತಮ್ಮಾ" ಎನ್ನುತ್ತಿದ್ದರು.

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನಮ್ಮಿಬ್ಬರದೂ ಕಮಲಾಪುರ, ಒಂದೇ ಓಣಿ. ಕೆಂಪು ಬಾಳೆಯ ತೋಟದವರ ಮನೆಯಲ್ಲಿ ಎರಡನೆಯ ಮಗನಾಗಿ ಹುಟ್ಟಿದವರು. ಹದಿನಾರಕ್ಕೆ ನಾಟಕ ಕಂಪನಿ ಸೇರಿ, ಇಪ್ಪತ್ತೈದು ವರ್ಷ ರಾಣಿಯ ಪಾತ್ರ ಮಾಡಿದರು. ಕಂಪನಿ ಮುಚ್ಚಿತು. ಅಕ್ಕ ಸೀರೆ ಬಿಡಲಿಲ್ಲ. ಕಲಬುರಗಿಯ ಕೋಟೆಯ ಹಿಂದೆ ಒಂದು ಕೋಣೆ ಹಿಡಿದು, ಮದುವೆಗಳಲ್ಲಿ, ತೊಟ್ಟಿಲ ಕಾರ್ಯಗಳಲ್ಲಿ ಹಾಡುತ್ತಾ ಹೆಣ್ಣಾಗಿಯೇ ಇದ್ದರು. ಒಮ್ಮೆ ನನಗೆ ಹೇಳಿದ್ದರು: "ಬಣ್ಣ ಹಚ್ಚಿ ಸೀರಿ ಉಟ್ರ ಮಂದಿ ವೇಷ ಅಂತಾರ. ಬಣ್ಣ ತೊಳದು ಧೋತರ ಉಟ್ಟು ಊರಿಗಿ ಹೋಗ್ತಿದ್ನಲ್ಲಾ, ಅದು ನೋಡು ವೇಷ."

ಆಗ ನನಗೆ ಇಪ್ಪತ್ತೆರಡು. ನಿಜಾಮ ಸರ್ಕಾರದ ಒಂದು ಕಚೇರಿಯಲ್ಲಿ ಉಮೇದುವಾರ ಗುಮಾಸ್ತನಾಗಿದ್ದೆ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅಕ್ಷರ ಚೆಂದ, ಉರ್ದು ಚೆನ್ನಾಗಿ ಬರುತ್ತಿತ್ತು, ಗಡಿಯಾರ ನೋಡಿ ಕೆಲಸ ಮಾಡುವವನು. ಆದರೆ ಉಗ್ಗುತ್ತಿದ್ದೆ. 'ಕ' ಬಂತೆಂದರೆ ಗಂಟಲಲ್ಲಿ ಕಲ್ಲು ಸಿಕ್ಕ ಹಾಗೆ. ಗುಮಾಸ್ತನಾದವನು ಸಾಹೇಬರ ಮುಂದೆ ನಿಂತು ಕಾಗದಗಳನ್ನು ಗಟ್ಟಿಯಾಗಿ ಓದಬೇಕು. ಆರು ತಿಂಗಳೊಳಗೆ ಓದಲು ಬರದಿದ್ದರೆ ಮನೆಗೆ ಹೋಗು ಎಂದು ಕಚೇರಿಯ ಹಿರಿಯ ಗುಮಾಸ್ತರಾದ ಪೇಶಕಾರರು ಹೇಳಿಬಿಟ್ಟಿದ್ದರು.

ಅಕ್ಕ ಕೇಳಿ ನಕ್ಕರು. "ನಾಳಿ ಮುಂಜಾನಿ ಆರಕ್ಕ ಬಾ. ಆರೂ ಐದಕ್ಕ ಬಂದ್ರ ಬಾಗಲ ತಗ್ಯಂಗಿಲ್ಲ."

ಹೋದೆ. ನನ್ನ ಬಾಯಿಯಿಂದ ಒಂದು ಗೇಣು ದೂರದಲ್ಲಿ ಮೇಣಬತ್ತಿ ಹಚ್ಚಿಟ್ಟರು. "ಕ ಅನ್ನು. ಜ್ವಾಲಿ ಅಳ್ಳಾಡಬಾರ್ದು."

ಕ ಅನ್ನುವುದರೊಳಗೆ ದೀಪವೇ ಆರಿಹೋಯಿತು.

"ಏನ್ ತಮ್ಮಾ, ಮಾತಾಡಂದ್ರ ತೂರಾಕತ್ತೀಯಲ್ಲೋ! ದೂಡಬ್ಯಾಡ. ಬಾಗಲ ತಗದಿಡು, ಮಾತು ತಾನ ಹೊರಗ ಬರ್ತದ."

ನಾಲ್ಕು ತಿಂಗಳು, ಒಂದು ದಿನ ತಪ್ಪದೆ. ಐದನೆಯ ತಿಂಗಳು ಸಾಹೇಬರ ಮುಂದೆ ಹನ್ನೊಂದು ಪುಟ ತಡೆಯಿಲ್ಲದೆ ಓದಿದೆ. ನೌಕರಿ ಕಾಯಂ ಆಯಿತು. ಕಮಲಾಪುರದಿಂದ ಬಾಳೆಗೊನೆ ಹೊತ್ತು ತಂದು ಅವರ ಮುಂದಿಟ್ಟರೆ, ಎರಡು ಹಣ್ಣು ಕಿತ್ತುಕೊಂಡು ಉಳಿದದ್ದನ್ನು ಓಣಿಗೆ ಹಂಚಿದರು.

ಮೇಣಬತ್ತಿಯಿಂದ ಅವರು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ಅದು ಕಂಪನಿಯ ಹೆಣ್ಣು ಪಾತ್ರದವರಲ್ಲಿ ಹಿರಿಯರಿಂದ ಕಿರಿಯರಿಗೆ ಬಂದ ವಿದ್ಯೆ. ಬಣ್ಣದ ಕೋಣೆಯಲ್ಲಿ ಒಬ್ಬೊಬ್ಬರೂ ಒಂದೊಂದು ಬತ್ತಿ ಹಚ್ಚಿ, ನಡುವೆ ಗುಂಡುಸೂಜಿ ಚುಚ್ಚುತ್ತಿದ್ದರಂತೆ. ಜ್ವಾಲೆ ಇಳಿದು ಸೂಜಿ ಬೀಳುವುದರೊಳಗೆ ಸೀರೆ ಉಟ್ಟು ಮುಗಿಯಬೇಕು. ಮುಗಿದರೆ ಆಟ ಮುಗಿಯುವತನಕ ಯಾರ ಕಣ್ಣಿಗೂ ಗಂಡಸು ಕಾಣುವುದಿಲ್ಲ. ಒಬ್ಬರ ಮನಸ್ಸು ತಿರುಗಬೇಕಾದರೆ ಅವರ ಹೆಸರು ಹೇಳಿ ಸೂಜಿ ಚುಚ್ಚಬೇಕು. ಏಳು ದಿನ, ಅದೇ ಹೊತ್ತಿಗೆ, ಸ್ವಲ್ಪ ಸ್ವಲ್ಪವೇ ಉರಿಸಬೇಕು. ಏಳನೆಯ ದಿನ ಸೂಜಿ ಬಿದ್ದರೆ ಮನಸ್ಸು ತಿರುಗಿತು ಎಂದು ಲೆಕ್ಕ. ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಅವರ ಹೊತ್ತು ತಪ್ಪದ ಶಿಸ್ತು ಮಾತ್ರ ಇಷ್ಟವಾಗುತ್ತಿತ್ತು.

ಬಜಾರಿನಲ್ಲಿ ಒಬ್ಬ ಎಲೆ ಅಡಿಕೆ ಅಂಗಡಿಯವನಿದ್ದ. ಅಕ್ಕನನ್ನು ಕಂಡರೆ ಅವನಿಗೆ ಸುಮ್ಮನಿರಲಾಗುತ್ತಿರಲಿಲ್ಲ. "ಏನ್ರೀ ರಾಣಿ ಸಾಹೇಬ್ರ, ರಾಜಾ ಎಲ್ಲಿ ಹೋಗ್ಯಾನ್ರೀ?"

ಅಕ್ಕ ಸೆರಗು ಸರಿಮಾಡಿಕೊಂಡು, ರಂಗದ ಮೇಲಿನ ದನಿಯಲ್ಲೇ ಅನ್ನುತ್ತಿದ್ದರು: "ಬಾಗಲ ಕಾಯೋನು ಅಂಗಡಿ ಇಟ್ಟು ಕುಂತಾನ. ಅವನ್ನ ಹುಡ್ಕಾಕ ಹೋಗ್ಯಾನ್ರೀ." ಬಜಾರಕ್ಕೆ ಬಜಾರವೇ ನಗುತ್ತಿತ್ತು, ಅಂಗಡಿಯವನೂ ನಗುತ್ತಿದ್ದ.

ಆಮೇಲೆ ಹೈದರಾಬಾದಿನಿಂದ ಹುಕುಂ ಬಂತು. ಹೆಂಗಸರ ಉಡುಪು ಉಟ್ಟು ಹಾಡಿ ಕುಣಿಯುವ ಗಂಡಸರ ಹೆಸರು ಬರೆದಿಡಬೇಕು. ಬರೆಸಿಕೊಂಡವರು ಇನ್ನು ಸೀರೆ ಉಟ್ಟು ಹೊರಗೆ ಬರುವಂತಿಲ್ಲ, ಮಂದಿಯ ನಡುವೆ ಹಾಡುವಂತಿಲ್ಲ, ಬಂದರೆ ಜೈಲು. ಪೊಲೀಸ್ ಚೌಕಿಯಿಂದ ಚೀಟಿಗಳು ಬಂದವು. ಚೀಟಿ ನೋಡಿ ಹೆಸರುಗಳನ್ನು ದಫ್ತರಕ್ಕೆ, ಎಂದರೆ ಸರ್ಕಾರದ ದಾಖಲೆ ಪುಸ್ತಕಕ್ಕೆ, ಏರಿಸುವ ಕೆಲಸ, ಅಕ್ಷರ ಚೆಂದ ಎಂಬ ಕಾರಣಕ್ಕೆ, ನನ್ನ ಪಾಲಿಗೆ ಬಂತು. ಒಂಬತ್ತನೆಯ ಚೀಟಿ ಅಕ್ಕನದು. ಕಸುಬು: ಹಾಡು, ಕುಣಿತ. ಉಡುಪು: ಹೆಂಗಸರದು. ಲಿಂಗ: ಗಂಡು.

ಆ ದಿನ ಶನಿವಾರ. ಸಂಜೆ ಹೋಗಿ ಹೇಳಿದೆ. ಅವರು "ನಿಮ್ಮ ಸಾಹೇಬ್ರು ಎಲ್ಲಿದ್ದಾರ?" ಎಂದು ಕೇಳಿದರು.

"ದೌರಾ ಮ್ಯಾಲ ಹಳ್ಳಿ ತಿರಗಾಕ ಹೋಗ್ಯಾರ. ಬರೋ ಶನಿವಾರ ಬರ್ತಾರ."

ಎದ್ದು ಹೊಸ ಮೇಣಬತ್ತಿ ತೆಗೆದರು. ಸಾಹೇಬರ ಹೆಸರು ಹೇಳಿ ಸೂಜಿ ಚುಚ್ಚಿ ಹಚ್ಚಿದರು.

ಬುಧವಾರ ಸಂಜೆ ನನ್ನನ್ನು ಕರೆಸಿದರು. "ತಮ್ಮಾ, ದಫ್ತರ ಎಂದ ಮುಗಸ್ತೀ?"

"ನಾಳಿ. ಗುರುವಾರ ಸಂಜಿ ಐದಕ್ಕ ಕೊನೀ ಹೆಸರಿನ ಕೆಳಗ ಕೆಂಪು ಗೆರಿ ಹೊಡೀಬೇಕು."

"ಹೊಡದ್ರ ಏನಾಗ್ತದ?"

"ಆಮ್ಯಾಲ ಒಂದು ಹೆಸರು ಹಾಕಾಕೂ ಬರಂಗಿಲ್ಲ, ತಗ್ಯಾಕೂ ಬರಂಗಿಲ್ಲ."

ನಮ್ಮಲ್ಲಿ ಶುಕ್ರವಾರ ರಜೆ. ಸಾಹೇಬರು ಬರುವುದು ಶನಿವಾರ ಮುಂಜಾನೆ. ಗೆರೆ ಗುರುವಾರ ಎಳೆದರೂ ಶನಿವಾರ ಎಳೆದರೂ ಅಲ್ಲಿಯವರೆಗೆ ನೋಡುವವರು ಯಾರೂ ಇರಲಿಲ್ಲ. ಇದು ನನಗೂ ಗೊತ್ತಿತ್ತು, ಅವರಿಗೂ ಹೊಳೆಯಿತು.

"ಸೂಜಿ ಶುಕ್ರವಾರ ಬೀಳ್ತದ. ಶನಿವಾರ ಮುಂಜಾನಿ ತನಕ ಆ ಗೆರಿ ಹೊಡೀಬ್ಯಾಡ. ಇಷ್ಟೇ ಬೇಡ್ತೀನಿ."

"ಅಕ್ಕಾ, ಮೊಂಬತ್ತಿ ಉರಿದ್ರ ಹುಕುಂ ಸುಡ್ತದೇನು?"

"ಸುಡಲಿ, ಬಿಡಲಿ. ನಿನ್ನದೇನು ಹೋಗ್ತದ ಹೇಳು."

"ಗುರುವಾರ ಅಂದ್ರ ಗುರುವಾರ ಅಕ್ಕಾ. ನನ್ನ ಕೆಲಸ ಹಂಗದ."

ಗುರುವಾರ ಐದು ಹೊಡೆಯುವಾಗ ರೂಲು ಹಿಡಿದು ಗೆರೆ ಎಳೆದೆ. ಶಾಯಿ ಹರಡಲಿಲ್ಲ. ಅಂಥ ನೇರ ಗೆರೆಯನ್ನು ನಾನು ಮತ್ತೆ ಎಳೆದಿಲ್ಲ.

ಶನಿವಾರ ಸಾಹೇಬರ ಮುಂದೆ ನಿಂತು ದಫ್ತರ ಓದಿದೆ. ಒಂಬತ್ತನೆಯ ಹೆಸರು ಓದುತ್ತಿದ್ದ ಹಾಗೆ ಕೈಯೆತ್ತಿ ತಡೆದರು.

"ಅರೇ, ಇವರು ನಾಟಕದವರಲ್ಲೇನ್ರೀ? ನಾ ಇವರ ಆಟ ನೋಡೀನಿ. ಕಸುಬು ಪಾತ್ರಧಾರಿ ಅಂತ ಆಗ್ಬೇಕಿತ್ತು, ನಾಟಕದವರಿಗಿ ಈ ಹುಕುಂ ಹತ್ತಂಗಿಲ್ಲ. ಈ ಹೆಸರು ತಗೀರಿ."

ನಾನು ಪುಟದ ಕೆಳಗೆ ಬೆರಳಿಟ್ಟೆ. ಅವರು ದಫ್ತರ ಎಳೆದುಕೊಂಡು ನೋಡಿದರು. "ಗೆರಿ ಹೊಡದೀರಿ?"

"ಹೊಡದೀನ್ರೀ ಹುಜೂರ್. ಗುರುವಾರ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಬರೋಬರಿ ಮಾಡೀರಿ" ಎಂದರು. "ಇನ್ನ ನನ್ನ ಕೈಯಾಗಿಲ್ಲ. ಹೈದರಾಬಾದಿಗಿ ಬರೀರಿ."

ಬರೆದೆ. ಮೂರು ಸಲ ಬರೆದೆ. ಒಂದಕ್ಕೂ ಜವಾಬು ಬರಲಿಲ್ಲ. ನಾಲ್ಕನೆಯದಕ್ಕೆ ಪೇಶಕಾರರು ಕಾಗದ ಕೊಡಲಿಲ್ಲ.

ಆ ಶನಿವಾರ ಸಂಜೆಯೇ ಅಕ್ಕನಿಗೆ ಎಲ್ಲವನ್ನೂ ಹೇಳಿದ್ದೆ. ಬೈಯುತ್ತಾರೆಂದು ಕಾದೆ. ಅವರು ಗೋಡೆಯ ಗೂಡಿನಲ್ಲಿದ್ದ ಗುಂಡುಸೂಜಿಯನ್ನು ತಂದು ನನ್ನ ಅಂಗೈಯಲ್ಲಿಟ್ಟರು. "ನಿನ್ನೆ ಬಿತ್ತು ನೋಡು, ಹೊತ್ತಿಗಿ ಸರಿಯಾಗಿ. ಏನ್ ಮಾಡ್ತೀ, ನಿಮ್ಮ ಕಚೇರಿಗಿ ರಜಾ ಇತ್ತು" ಎಂದು ನಕ್ಕರು. ಆ ನಗು ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

ಮರುವಾರ ಧೋತರ ಉಟ್ಟು ಬಜಾರಿಗೆ ಬಂದರು. ಅಂಗಡಿಯವನು ರೂಢಿಯಂತೆ ಬಾಯಿ ತೆರೆದು, ನೋಡಿ, "ಏನ್ರೀ... ಗೌಡ್ರ" ಎಂದ. ಅಕ್ಕ ತಲೆಗೆ ಕೈ ಒಯ್ದರು. ಅಲ್ಲಿ ಸೆರಗು ಇರಲಿಲ್ಲ. ಮುಂದೆ ನಡೆದರು. ಯಾರೂ ನಗಲಿಲ್ಲ.

ಹಾಡು ನಿಂತ ಮೇಲೆ ಕಲಬುರಗಿಯಲ್ಲಿ ಇರುವುದಾದರೂ ಹೇಗೆ? ಕಮಲಾಪುರಕ್ಕೆ ಅಣ್ಣನ ಮನೆಗೆ ಹೋದರು. ಸೀರೆಗಳ ಟ್ರಂಕನ್ನು ನನ್ನ ಹತ್ತಿರ ಬಿಟ್ಟರು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ತೋಟದ ಬಾವಿಯ ಕಟ್ಟೆಯ ಮೇಲೆ ಕೂತು, ನಾನು ಮಾತಾಡುವಾಗ ನನ್ನ ಮುಖವನ್ನು ನೋಡದೆ ಉಸಿರನ್ನಷ್ಟೇ ಆಲಿಸುತ್ತಿದ್ದರು. "ಮತ್ತ ದೂಡಾಕತ್ತೀ ನೋಡು" ಎಂದು ತಿದ್ದುತ್ತಿದ್ದರು. ತಾವು ಮಾತ್ರ ಮಾತು ಕಡಿಮೆ ಮಾಡುತ್ತಾ ಬಂದರು. ಮೂರನೆಯ ವರ್ಷ ಅಕ್ಕ ತೀರಿಕೊಂಡ ಸುದ್ದಿ ಬಂತು.

ಟ್ರಂಕಿನಿಂದ ಅವರ ಹಸಿರು ಇಳಕಲ್ ಸೀರೆ ತೆಗೆದುಕೊಂಡು ಹೋದೆ. ಅಂಗಳದಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಬಿಳಿ ಧೋತರ, ತಲೆಗೆ ರುಮಾಲು. ಅಣ್ಣನ ಮುಂದೆ ಸೀರೆ ಹಿಡಿದು, "ಇದನ್ನ ಉಡಸ್ರೀ" ಎಂದೆ.

ಅಣ್ಣ ಕೆಟ್ಟವರಲ್ಲ. ದಣಿದಿದ್ದರು. "ಗುಮಾಸ್ತರ, ಸರ್ಕಾರದ ದಫ್ತರದಾಗ ಗಂಡಸು ಅಂತ ನೀವ ಬರದೀರಂತಲ್ಲಾ? ಈಗ ಸೀರಿ ಅಂದ್ರ ಹೆಂಗ್ರೀ?"

ಹೇಳಬೇಕಾದದ್ದು ನನ್ನಲ್ಲಿತ್ತು. ಅಕ್ಕನಿಗೆ ಇದೇ ಸರಿ, ಧೋತರವೇ ವೇಷ ಎಂದು ಅಕ್ಕನೇ ಹೇಳಿದ್ದರು ಎನ್ನಬೇಕಿತ್ತು. ಬಾಯಿ ತೆರೆದೆ. 'ಕ' ಬರಲಿಲ್ಲ. ದೂಡಿದೆ. ಬರಲಿಲ್ಲ. ಅಣ್ಣ ಸ್ವಲ್ಪ ಹೊತ್ತು ಕಾದರು. ಆಮೇಲೆ ಮಂದಿಯ ಕಡೆ ತಿರುಗಿ, "ಎತ್ರಪ್ಪಾ" ಎಂದರು.

ಸೀರೆ ಈಗಲೂ ನನ್ನ ಹತ್ತಿರವೇ ಇದೆ. ನನಗೆ ಎಂಬತ್ತು ದಾಟಿತು. ಮುಂಜಾನೆ ಆರಕ್ಕೆ ಮೇಣಬತ್ತಿ ಹಚ್ಚಿ ಒಂದು ಪುಟ ಗಟ್ಟಿಯಾಗಿ ಓದುತ್ತೇನೆ. ಮುಗಿದ ಮೇಲೆ ಊದುವುದಿಲ್ಲ, ಎರಡು ಬೆರಳಿನಿಂದ ಚಿವುಟುತ್ತೇನೆ. ಇಷ್ಟು ವರ್ಷವಾದರೂ ನನ್ನ ಬೆರಳ ಗೆರೆಗಳು ಅಳಿದಿಲ್ಲ. ಇನ್ನೂ ಸುಡುತ್ತದೆ.