ಹಗ್ಗ ಹಿಡಿಯುವ ಎರಡನೇ ಆಳು

ಕಳೆದ ಚಳಿಗಾಲದಲ್ಲಿ ಕೆನಡಾದಿಂದ ಹೆಂಡತಿಯ ತಮ್ಮ ಫೋನ್ ಮಾಡಿದ. ಅವನ ಮನೆಯ ಹೀಟರ್ ಕೆಟ್ಟು ಎರಡು ದಿನವಾಗಿತ್ತು. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಮೈಮೇಲೆ ಮೂರು ಸ್ವೆಟರ್. "ಭಾವ, ಮೂರು ಕಂಪನಿಯವ್ರು ಮೂರು ರೇಟು ಹೇಳ್ತಿದ್ದಾರೆ. ಚೌಕಾಸಿ ಹೇಗೆ ಮಾಡೋದು, ಹೇಳಿಕೊಡಿ" ಎಂದ. ಇಂಥ ಪ್ರಶ್ನೆ ಬಂದರೆ ನನಗೆ ಊಟವೂ ಬೇಡ. ಮೊದಲು ಬಂದವನಿಗೆ ಹೂಂ ಅನ್ನಬೇಡ, ಕೆಟ್ಟದ್ದು ಯಾವ ಭಾಗ ಎಂದು ಬಾಯಿ ಬಿಡಿಸು, ತೆಗೆದ ಹಳೇ ಭಾಗವನ್ನು ನಿನ್ನ ಕೈಗೇ ಕೊಡಲು ಹೇಳು, ಗ್ಯಾರಂಟಿಯನ್ನು ಕಾಗದದ ಮೇಲೆ ಬರೆಸಿಕೋ, ಎಂದು ಅರ್ಧ ಗಂಟೆ ಪಾಠ ಮಾಡಿದೆ. ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಹಗ್ಗದ ಕತೆಯನ್ನೂ ಹೇಳಿ ಕಾಂಬ!"

ಹೇಳಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನ್ ಇಟ್ಟೆ. ಹೇಳದೆ ಉಳಿಸಿಕೊಂಡದ್ದು ಇದು.

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಮೊಬೈಲ್ ಬಿಡಿಭಾಗಗಳ ಅಂಗಡಿ ಇದೆ. ಇಪ್ಪತ್ತೆರಡು ವರ್ಷಗಳ ಹಿಂದೆ ಬೈಂದೂರಿನಿಂದ ಬಂದು ಇದೇ ಗಲ್ಲಿಯಲ್ಲಿ ಬೇರೆಯವರ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿ ನಿಂತವನು ನಾನು. ಐದು ಭಾಷೆಗಳಲ್ಲಿ ಚೌಕಾಸಿ ಕಲಿತದ್ದು ಅಲ್ಲೇ. ಅಂಗಡಿಯಿಂದ ಎರಡು ನಿಮಿಷ ನಡೆದರೆ ಒಂದು ಹಳೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ನಮ್ಮ ಮನೆ. ಅಲ್ ರೀಮ್ ಐಲ್ಯಾಂಡಿನ ಎತ್ತರದ ಕಟ್ಟಡಗಳಲ್ಲಾದರೆ ಇಡೀ ಕಟ್ಟಡಕ್ಕೆ ಒಂದೇ ಕಡೆಯಿಂದ ತಂಪು ಬರುತ್ತದೆ, ಕೆಟ್ಟರೆ ಅವರೇ ನೋಡಿಕೊಳ್ಳುತ್ತಾರೆ. ನಮ್ಮದರಲ್ಲಿ ಮನೆಗೊಂದು ಎ.ಸಿ. ಬಾಡಿಗೆ ಇಳಿಸಿಕೊಳ್ಳುವಾಗ ನಾನೇ ಮಾಲೀಕನಿಗೆ, "ಎ.ಸಿ. ರಿಪೇರಿ ನನ್ನ ತಲೆಮೇಲಿರಲಿ" ಎಂದು ಬರೆದುಕೊಟ್ಟಿದ್ದೆ. ಬಹಳ ಬುದ್ಧಿವಂತಿಕೆಯ ಕೆಲಸ ಮಾಡಿದೆ ಎಂದು ಆ ದಿನ ಬೀಗಿದ್ದೆ.

ಒಂದು ವರ್ಷ ಆಗಸ್ಟ್ ತಿಂಗಳಲ್ಲಿ ಎ.ಸಿ. ನಿಂತಿತು. ಒಳಗಿನ ಯಂತ್ರ ಗಾಳಿ ಬಿಡುತ್ತಿತ್ತು, ಹೊರಗಿನದರ ಫ್ಯಾನು ತಿರುಗುತ್ತಿರಲಿಲ್ಲ. ಆಗಸ್ಟ್ ಎಂದರೆ ಇಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಕೈ ಸುಡುವ ನೀರು ಬರುವ ಕಾಲ. ತಾರಸಿಯ ಟ್ಯಾಂಕು ಬಿಸಿಲಿಗೆ ಕಾದಿರುತ್ತದೆ. ಹೆಂಡತಿ ಎರಡು ಹಗಲನ್ನು ಸೂಪರ್‌ಮಾರ್ಕೆಟ್ಟಿನ ಹಾಲಿನ ತಂಪು ಕಪಾಟಿನ ಮುಂದೆ ಕಳೆದಳು. ನಾನು ಮೂವರು ಮೆಕ್ಯಾನಿಕರ ರೇಟು ಕೇಳಿ, ಮೂವರನ್ನೂ ಬಿಟ್ಟು, ನಾಲ್ಕನೆಯವರನ್ನು ಹಿಡಿದೆ. ಅವರು ನಮ್ಮ ಬೈಂದೂರು ಕಡೆಯವರು. ನನಗಿಂತ ಏಳೆಂಟು ವರ್ಷ ದೊಡ್ಡವರು. ತಮ್ಮನ ಜೊತೆ ಸೇರಿ ಎ.ಸಿ. ಕೆಲಸ ಮಾಡುತ್ತಿದ್ದರು. ಅಂಗಡಿಗೇ ಬಂದು ರೇಟು ಹೇಳಿದರು. ನಾನು ಪದ್ಧತಿಯಂತೆ ಮೊದಲು ನಕ್ಕೆ.

"ಅಣ್ಣಾ, ಅಷ್ಟೆಲ್ಲ ಎಂತಕ್ಕೆ?"

"ಇಬ್ರು ಬೇಕ್ ಮಾರ್ರೆ. ನಾನ್ ಹೊರಗೆ, ತಮ್ಮ ಒಳಗೆ."

"ಒಳಗೆ ಅವ ಎಂತ ಮಾಡ್ತ?"

"ಹಗ್ಗ ಹಿಡ್ಕಂತ."

"ಹಗ್ಗ ಹಿಡ್ಕಂಡ್ ನಿಂತ್ಕಂಬುಕೂ ರೇಟಾ? ನಿಂತ್ಕಂಬುಕೆ ನಾನಿಲ್ದಾ?" ಎಂದೆ. ಆಮೇಲೆ ಕೊನೆಯ ಅಸ್ತ್ರ ತೆಗೆದೆ: "ಊರಿನವ್ರ್ ಅಂದೇಳಿ ಒಂದ್ ಮಾತ್ ಬಿಡಿ ಕಾಂಬ."

ಇದನ್ನು ಬೇರೆ ಯಾವ ಮೆಕ್ಯಾನಿಕನ ಮೇಲೂ ಬಿಡಲಾಗುವುದಿಲ್ಲ. ಪರದೇಶದಲ್ಲಿ ನಮ್ಮವರು ನಮ್ಮವರಿಗೆ ಇಲ್ಲ ಎನ್ನಲಾರರು. ಇಲ್ಲ ಎಂದರೆ ಊರಿಗೆ ಹೋದಾಗ ಮಾತು ಬರುತ್ತದೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. "ಆಯ್ತ್ ಮಾರ್ರೆ. ನಿಮ್ಗೆ ಇಲ್ಲ ಅಂಬುಕ್ ಆತ್ತಾ?" ಎಂದರು. ಬೆಳಿಗ್ಗೆ ಆರಕ್ಕೆ ಬರುತ್ತೇನೆ ಎಂದರು. ನನಗೆ ಬೆಳಿಗ್ಗೆ ಮಾಲು ಬರುವುದಿತ್ತು. ನನಗೆ ಬಿಡುವು ಮಧ್ಯಾಹ್ನ, ಅಂಗಡಿ ಮುಚ್ಚುವ ಹೊತ್ತಿಗೆ; ಆಗಲೇ ಬನ್ನಿ ಎಂದೆ. ಬೇಸಿಗೆಯಲ್ಲಿ ನಡುಮಧ್ಯಾಹ್ನ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿ ಕಾನೂನೇ ಇದೆ. ಅದನ್ನೂ ಹೇಳಿದರು. "ಅದು ಕಂಪನಿಗಳಿಗೆ ಅಣ್ಣಾ. ಹತ್ತು ನಿಮಿಷದ ಕೆಲ್ಸಕ್ಕೆ ಕಾಂಬುಕೆ ಯಾರ್ ಬತ್ರ್?" ಎಂದೆ.

ಮರುದಿನ ಮಧ್ಯಾಹ್ನ ಎರಡಕ್ಕೆ ಒಬ್ಬರೇ ಬಂದರು. ಆಗಲೇ ಇನ್ನೊಂದು ಕಡೆ ಕೆಲಸ ಮುಗಿಸಿ ಬಂದಿದ್ದರು, ಅಂಗಿ ಬೆನ್ನಿಗೆ ಅಂಟಿತ್ತು. ಹೆಂಡತಿ ಮಜ್ಜಿಗೆ ಕೊಡಲು ಹೋದರೆ, "ಕೆಲ್ಸ ಮುಗ್ಸಿ ಕುಡಿತೆ ತಂಗಿ" ಎಂದರು. ಅಡುಗೆಮನೆಯ ಕಿಟಕಿಯ ಆಚೆ, ಸ್ವಲ್ಪ ಕೆಳಗೆ, ಒಂದೂವರೆ ಅಡಿ ಅಗಲದ ಕಾಂಕ್ರೀಟ್ ಚಜ್ಜ. ಎ.ಸಿ.ಯ ಹೊರಗಿನ ಯಂತ್ರ ಅದರ ಮೇಲೆ ಕೂತಿದೆ. ಅದರಾಚೆ ಏನೂ ಇಲ್ಲ. ನಾಲ್ಕು ಮಹಡಿ ಕೆಳಗೆ ಕಾರು ನಿಲ್ಲಿಸುವ ಜಾಗ.

ಅವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇನ್ನೊಂದು ತುದಿಯನ್ನು ಎಲ್ಲಿ ಕಟ್ಟುವುದೆಂದು ಸುತ್ತ ನೋಡಿದರು. ನಾನು ವಾಷಿಂಗ್ ಮಷಿನ್ ತೋರಿಸಿದೆ. ಕಾಲಲ್ಲಿ ದೂಡಿದರು, ಅದು ಜಾರಿತು. "ನೀವೇ ಹಿಡ್ಕಣಿ. ಎಳೆಯುಕಾಗ, ಸಡ್ಲ ಬಿಡುಕಾಗ" ಎಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಕಿಟಕಿ ದಾಟಿದರು. ನಾನು ಹಗ್ಗವನ್ನು ಬಲಗೈಗೆ ಎರಡು ಸುತ್ತು ಸುತ್ತಿಕೊಂಡೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು, ದುಬೈಯ ದೇರಾದ ಹೋಲ್‌ಸೇಲ್‌ನವನು. ಎಡಗೈಯಲ್ಲಿ ಫೋನ್ ಹಿಡಿದು ಚಾರ್ಜರುಗಳ ರೇಟು ಮಾತಾಡುತ್ತಾ ನಿಂತೆ. ಕಿಟಕಿಯ ಕಡೆಗೆ ಬೆನ್ನಾಗಿತ್ತು.

ಕೆಳಗೆ ಟಣ್ ಎಂದು ಲೋಹ ಬಿದ್ದ ಸದ್ದಾಯಿತು.

ತಿರುಗಿ ನೋಡಿದೆ. ಅವರು ಯಂತ್ರಕ್ಕೆ ಒರಗಿ ಕೂತಿದ್ದರು. ಕೈ ಖಾಲಿ, ಸ್ಕ್ರೂಡ್ರೈವರ್ ಕೆಳಗೆ ಹೋಗಿತ್ತು. ಒಂದು ಕಾಲು ಚಜ್ಜದ ಮೇಲೆ ಮಡಚಿಕೊಂಡಿತ್ತು, ಇನ್ನೊಂದು ಹೊರಗೆ ಗಾಳಿಯಲ್ಲಿ ತೂಗುತ್ತಿತ್ತು. ಕಣ್ಣು ಮುಚ್ಚಿತ್ತು.

"ಅಣ್ಣಾ?"

ಮುಖದಲ್ಲಿ ಬೆವರೇ ಇರಲಿಲ್ಲ. ಅದು ಒಳ್ಳೆಯದೇ ಎಂದು ಒಂದು ಕ್ಷಣ ಅಂದುಕೊಂಡೆ. ಬೆವರು ನಿಲ್ಲುವುದೇ ಕೆಟ್ಟದ್ದೆಂದು ಆಮೇಲೆ ತಿಳಿಯಿತು. "ಅಣ್ಣಾ, ಹ್ವಾಯ್!" ಎಂದು ಕಿರುಚಿದೆ. ತಲೆ ಮೆಲ್ಲಗೆ ಹೊರಗಿನ ಕಡೆಗೆ ವಾಲಿತು. ಅದರ ಹಿಂದೆ ಭುಜ. ನನ್ನ ಫೋನ್ ನೆಲಕ್ಕೆ ಬಿತ್ತು. ಎರಡೂ ಕೈಯಲ್ಲಿ ಹಗ್ಗ ಬಿಗಿ ಹಿಡಿದೆ. ವಾಲುವುದು ನಿಂತಿತು.

ಆಗ ನನಗೆ ಅರ್ಥವಾಯಿತು: ನಾನು ಎಳೆಯುವಂತಿಲ್ಲ, ಎಳೆದರೆ ಅವರು ಕೂತಲ್ಲಿಂದ ಜಾರುತ್ತಾರೆ. ಬಿಡುವಂತಿಲ್ಲ. ಕಿಟಕಿಯ ಹತ್ತಿರ ಹೋಗಿ ಅವರನ್ನು ಹಿಡಿಯೋಣವೆಂದರೆ, ಒಂದು ಹೆಜ್ಜೆ ಮುಂದೆ ಇಟ್ಟರೂ ಹಗ್ಗ ಸಡಿಲವಾಗುತ್ತದೆ. ಆ ಟೈಲ್ಸಿನ ಮೇಲೆ ಎಲ್ಲಿದ್ದೆನೋ ಅಲ್ಲೇ ನಿಲ್ಲಬೇಕು. ಕೈಯ ಬೆವರಿನಿಂದ ಹಗ್ಗ ಕೂದಲೆಳೆಯಷ್ಟು ಕೂದಲೆಳೆಯಷ್ಟು ಜಾರುವುದು ತಿಳಿಯುತ್ತಿತ್ತು.

ಹೆಂಡತಿ ಓಡಿಬಂದು ನೋಡಿದಳು. ಕಿರುಚಲಿಲ್ಲ. "ಆಂಬುಲೆನ್ಸಿಗೆ ಫೋನ್ ಮಾಡ್ತೆ" ಎಂದಳು.

"ತಡಿ, ಮಾಡ್ಬೇಡ!" ಎಂದೆ.

ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಆಡಿದ ಮಾತು ಅದೇ. ಮಧ್ಯಾಹ್ನದ ಕಾನೂನು ಮುರಿದಿದ್ದೆ. ಲೈಸನ್ಸ್ ಇರುವ ಕಂಪನಿಯನ್ನು ಕರೆಸಿರಲಿಲ್ಲ. ಕಟ್ಟಡದ ವಾಚ್‌ಮನ್‌ಗೂ ಹೇಳಿರಲಿಲ್ಲ. ಮೊದಲು ಕಣ್ಣ ಮುಂದೆ ಬಂದದ್ದು ಪೊಲೀಸು, ಆಮೇಲೆ ವೀಸಾ, ಆಮೇಲೆ ಅಂಗಡಿಯ ಷಟರು. ಹಗ್ಗದ ತುದಿಯಲ್ಲಿದ್ದ ಮನುಷ್ಯ ನಾಲ್ಕನೆಯವರಾಗಿ ನೆನಪಾದರು.

"ನಿಮ್ಗೆ ಮಂಡೆ ಸಮ ಇತ್ತಾ?" ಎಂದಳು. ನನ್ನ ಉತ್ತರಕ್ಕೆ ಕಾಯಲಿಲ್ಲ. ಫೋನ್ ಮಾಡಿ ತನಗೆ ಬರುವ ಹಿಂದಿಯಲ್ಲಿ ಕಟ್ಟಡದ ಗುರುತು ಹೇಳಿದಳು. ಆಮೇಲೆ ಫ್ರೀಜರಿನ ಐಸನ್ನೆಲ್ಲ ಮೈ ಒರೆಸುವ ಬೈರಾಸಿಗೆ ಸುರಿದು ಗಂಟು ಕಟ್ಟಿ, ನೆಲ ಒರೆಸುವ ಕೋಲಿನ ತುದಿಗೆ ಬಿಗಿದಳು. ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಾಗಿ ಆ ಗಂಟನ್ನು ಅವರ ಕುತ್ತಿಗೆಗೆ ಒತ್ತಿದಳು. ಅವಳ ಕಾಲು ನೆಲದಿಂದ ಮೇಲೆದ್ದಿತ್ತು.

"ಅಷ್ಟು ಬಗ್ಗಬೇಡ, ಮಾರಾಯ್ತಿ!"

"ಸುಮ್ನೆ ಹಗ್ಗ ಹಿಡ್ಕಣಿ!"

ಅವಳಿಗೆ ಹಗ್ಗವಿರಲಿಲ್ಲ. ನನ್ನ ಕೈಯಲ್ಲಿದ್ದದ್ದು ಒಂದೇ. ಅವಳು ಜಾರಿದರೆ ಇದನ್ನು ಬಿಟ್ಟು ಅವಳನ್ನು ಹಿಡಿಯುತ್ತೇನೆ ಎಂದು ನನಗೆ ಗೊತ್ತಿತ್ತು. ಹಾಗೆ ಗೊತ್ತಿದೆಯಲ್ಲ ಎಂದು ಮತ್ತೂ ಹೆದರಿಕೆಯಾಯಿತು. ನನ್ನ ಜನ್ಮದಲ್ಲಿ ಅಷ್ಟು ದೇವರುಗಳನ್ನು ಒಟ್ಟಿಗೆ ಕರೆದಿರಲಿಲ್ಲ. ಯಾರ ಹತ್ತಿರವೂ ಚೌಕಾಸಿ ಮಾಡಲಿಲ್ಲ, ಕೇಳಿದ್ದು ಕೊಡುತ್ತೇನೆ ಎಂದೆ.

ಐಸಿನ ನೀರು ಅವರ ಬೆನ್ನಿಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಕಣ್ಣು ಅರ್ಧ ತೆರೆಯಿತು.

"ತಮ್ಮಾ," ಎಂದರು, "ಬಿಗಿ ಇತ್ತನಾ?"

ಒಳಗೆ ಹಗ್ಗ ಹಿಡಿದವನು ತನ್ನ ತಮ್ಮನೇ ಎಂದುಕೊಂಡಿದ್ದರು. "ಇತ್ತ್ ಅಣ್ಣಾ, ಬಿಗಿ ಇತ್ತ್" ಎಂದೆ. ನನ್ನ ದನಿ ನನ್ನದೆಂದು ನನಗೇ ಅನಿಸಲಿಲ್ಲ. ಹೆಂಡತಿ ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳತೊಡಗಿದಳು: "ಆ ಕಾಲ್ ಮೇಲೆ ತಕಣಿ. ಹಾಂ. ಕೆಳಗೆ ಕಾಂಬುಕಾಗ. ನನ್ನ ಮುಖ ಕಾಣಿ. ಕೈ ಕೊಡಿ." ಕಾಲು ಮೇಲೆ ಬಂತು. ಕೈ ಕಿಟಕಿಯ ಚೌಕಟ್ಟನ್ನು ತಡಕಿ, ತಪ್ಪಿ, ಮತ್ತೆ ತಡಕಿ ಹಿಡಿಯಿತು. ಅವರು ಒಂದು ಗೇಣು ಮೇಲೆದ್ದರೆ ನಾನು ಒಂದು ಗೇಣು ಹಗ್ಗ ಒಳಗೆಳೆದುಕೊಂಡೆ. ಕೊನೆಗೆ ಎದೆ ಕಿಟಕಿಗೆ ಬಂದಾಗ ಇಬ್ಬರೂ ಅಂಗಿ ಹಿಡಿದು ಎಳೆದೆವು. ಅಕ್ಕಿ ಮೂಟೆಯ ಹಾಗೆ ಸಿಂಕಿನ ಪಕ್ಕ ಬಿದ್ದರು. ಅವರ ಮೈ ಕಾವಲಿಯ ಹಾಗೆ ಸುಡುತ್ತಿತ್ತು.

ಆಂಬುಲೆನ್ಸಿನವರು ಬಂದು ಸ್ಟ್ರೆಚರಿಗೆ ಹಾಕುವಾಗ ಒಬ್ಬ ನನ್ನನ್ನು ಹಿಂದಿಯಲ್ಲಿ ಕೇಳಿದ, ಇವರು ನಿಮಗೇನಾಗಬೇಕು ಎಂದು. "ಊರಿನವರು" ಎಂದೆ. ರೇಟು ಇಳಿಸಲು ಬಳಸಿದ ಮಾತನ್ನೇ ಅಲ್ಲಿಯೂ ಹೇಳಿದ್ದೆ. ಆ ದಿನ ಪೊಲೀಸರು ಬರಲಿಲ್ಲ, ಆಮೇಲೂ ಬರಲಿಲ್ಲ. ಆದರೂ ಒಂದು ತಿಂಗಳು ಅಂಗಡಿಯ ಮುಂದೆ ಸಮವಸ್ತ್ರ ಕಂಡರೆ ಕೌಂಟರಿನ ಕೆಳಗೆ ಬಗ್ಗಿ ಏನೋ ಹುಡುಕುತ್ತಿದ್ದೆ.

ಸಂಜೆ ಆಸ್ಪತ್ರೆಗೆ ಹೋದಾಗ ಅವರ ಕೈಗೆ ಡ್ರಿಪ್ ಹಾಕಿದ್ದರು. ಪಕ್ಕದ ಕುರ್ಚಿಯಲ್ಲಿ ತಮ್ಮ ಕೂತಿದ್ದರು, ನನ್ನದೇ ಪ್ರಾಯ. ಬೈಯುತ್ತಾರೆ ಎಂದುಕೊಂಡು ಹೋಗಿದ್ದೆ. ಅವರು ಕೇಳಿದ್ದು ಒಂದೇ: "ಹಗ್ಗ ಹಿಡ್ದದ್ದ್ ಯಾರ್?"

"ನಾನೇ."

"ಕೈ ಕಾಂಬ."

ತೋರಿಸಿದೆ. ಬಲಗೈಯ ಸುತ್ತ ಹಗ್ಗದ ಗುರುತು ಕೆಂಪಾಗಿ ಎರಡು ಬಳೆಯ ಹಾಗೆ ಎದ್ದಿತ್ತು.

"ಕೈಗೆ ಸುತ್ಕಂಡಿದ್ರಿಯಾ? ಅಣ್ಣ ಬಿದ್ದಿದ್ರೆ ಹಗ್ಗ ಕೈಯಿಂದ ಬಿಡ್ತಿರಲಿಲ್ಲ. ನೀವೂ ಕಿಟಕಿಯಿಂದ ಹೋತಿದ್ರಿ" ಎಂದರು. ಮತ್ತೆ ಎದ್ದು, ಆಸ್ಪತ್ರೆಯ ನೆಲದ ಮೇಲೇ ಕೂತು, ಮಾಡಿ ತೋರಿಸಿದರು: ಹಗ್ಗವನ್ನು ಬೆನ್ನ ಹಿಂದಿನಿಂದ ತರಬೇಕು, ಎರಡೂ ಪಾದ ಗೋಡೆಗೆ ಕೊಡಬೇಕು, ಭಾರ ಸೊಂಟಕ್ಕೆ ಬೀಳಬೇಕು. "ಇದ್ ನಿಂತ್ಕಂಬು ಕೆಲ್ಸ ಅಲ್ಲ ಮಾರ್ರೆ. ಕೂಕಂಬು ಕೆಲ್ಸ."

ಮಧ್ಯಾಹ್ನ ಆಗದಿದ್ದಷ್ಟು ಹೆದರಿಕೆ ಆಗ ಆಯಿತು. ಮಂಚದ ಅಂಚು ಹಿಡಿದುಕೊಂಡೆ. ಮಲಗಿದ್ದವರು ಕಣ್ಣು ಮುಚ್ಚಿಕೊಂಡೇ ತಮ್ಮನಿಗೆ ಹೇಳಿದರು: "ಹೆದರ್ಸಬೇಡ ಅವ್ರನ್ನ. ರೇಟ್ ಹಿಡ್ದಂಗೇ ಹಗ್ಗನೂ ಹಿಡ್ದ್ರ್. ಹಾಂಗಾಯಿ ನಾನ್ ಉಳ್ದೆ." ಇಬ್ಬರೂ ನಕ್ಕರು. ನನಗೆ ನಗಲಾಗಲಿಲ್ಲ.

ಈಗಲೂ ನಾನು ಚೌಕಾಸಿ ಮಾಡುತ್ತೇನೆ, ಬಿಟ್ಟಿಲ್ಲ. ನೀವೂ ಮಾಡಿ. ಬಿಡಿಭಾಗಕ್ಕೆ ಮಾಡಿ, ಗ್ಯಾಸಿಗೆ ಮಾಡಿ, ಗ್ಯಾರಂಟಿಯ ತಿಂಗಳಿಗೆ ಮಾಡಿ. ಇಬ್ಬರು ಬೇಕು ಎಂದು ಕೆಲಸದವರು ಹೇಳಿದರೆ ಮಾತ್ರ ಬಾಯಿ ಮುಚ್ಚಿಕೊಳ್ಳಿ. ಎರಡನೆಯವನು ಏನು ಮಾಡುತ್ತಾನೆಂದು ತಿಳಿಯದಿದ್ದರೆ ಅದು ನಮ್ಮ ಅಜ್ಞಾನ, ಅವನ ಸೋಮಾರಿತನವಲ್ಲ. ಹೊತ್ತು ಯಾವುದೆಂದು ಅವರೇ ಹೇಳಲಿ. ನಾನು ಉಳಿಸಲು ಹೋದದ್ದು ಹೆಚ್ಚೆಂದರೆ ಎರಡು ಊಟದ ಬಿಲ್ಲು.

ಹದಿನೈದು ದಿನದ ಮೇಲೆ ಅಣ್ಣ ತಮ್ಮ ಇಬ್ಬರೂ ಬೆಳಿಗ್ಗೆ ಆರಕ್ಕೆ ಬಂದರು. ಅಲ್ಲಿಯವರೆಗೆ ಬಾಡಿಗೆಯ ಕೂಲರಿನಲ್ಲಿ ದಿನ ತಳ್ಳಿದ್ದೆವು. ಬೇರೆಯವರನ್ನು ಕರೆಸುತ್ತೇನೆಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಬಿಚ್ಚಿಟ್ಟ ಯಂತ್ರವನ್ನು ಅರ್ಧಕ್ಕೆ ಬಿಟ್ಟು ಅವರಿಗೆ ಅಭ್ಯಾಸವಿಲ್ಲವಂತೆ. ಕಿಟಕಿಯ ಕೆಳಗೆ ನೆಲದಲ್ಲಿ ತಮ್ಮ ಕೂತು ಪಾದಗಳನ್ನು ಗೋಡೆಗೆ ಕೊಟ್ಟರು. ಅಣ್ಣ ಒಂದು ಕಾಲನ್ನು ಕಿಟಕಿಯಾಚೆ ಇಟ್ಟರು. ನನ್ನಿಂದ ನೋಡಲಾಗಲಿಲ್ಲ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಬಹಳ ಹೊತ್ತಿನ ಮೇಲೆ ಫ್ಯಾನು ತಿರುಗಿದ ಸದ್ದು ಬಂತು. ಒಳಗಿನಿಂದ ಹೆಂಡತಿ, "ತಂಪು ಬಂತ್, ಬನ್ನಿ" ಎಂದು ಕರೆದಳು. ನಾನು ಏಳಲಿಲ್ಲ. ಅಡುಗೆಮನೆಯ ಟೈಲ್ಸಿನ ಮೇಲೆ ಬರಿಗಾಲು ಇಳಿದ ಸದ್ದು ಕೇಳಿದ ಮೇಲೆ, ಮೊದಲು ಒಂದು, ಆಮೇಲೆ ಇನ್ನೊಂದು, ಎದ್ದು ಒಳಗೆ ಹೋದೆ.