ಬೆಳಕು ಬಿಟ್ಟ ಚೀಲ

ಪ್ಲೇಟ್ಲೆಟ್ ಕೊಡುವ ದಿನ ನಾನು ತಲೆಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಖಾಲಿ ಹೊಟ್ಟೆಯಲ್ಲೇ ಹೊರಡುತ್ತಿದ್ದೆ. ತಿಂಡಿ ಆಯಿತಾ ಎಂದು ಆಸ್ಪತ್ರೆಯಲ್ಲಿ ಕೇಳಿದರೆ ಹೂಂ ಎಂದು ತಲೆಯಾಡಿಸುತ್ತಿದ್ದೆ.

ನನ್ನ ಹೆಂಡತಿಯ ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟುತ್ತಿರಲಿಲ್ಲ; ಅದನ್ನು ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ಟನ್ನು ಹೊರಗಿನಿಂದ ಹಾಕಿಸಬೇಕಿತ್ತು. ಹಿಂದೆ ಬೇರೆ ಊರಿನಲ್ಲಿ ಯಾರದೋ ರಕ್ತ ಹಾಕಿಸಿಕೊಂಡು ಕಾಮಾಲೆ ಅಂಟಿಸಿಕೊಂಡಿದ್ದಳು. ಆಮೇಲೆ ನನ್ನದಾದರೆ ಮಾತ್ರ ಎಂದು ಹಟ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ವೆಲ್ಡಿಂಗ್ ಕಲಿತು, ಕುಡಿಯದೆ ಸೇದದೆ ಸಂಸಾರ ನಿಲ್ಲಿಸಿದವನು ನಾನು. ಅವಳ ಆ ಹಟ ನನಗೆ ಹೆಮ್ಮೆಯಾಗಿತ್ತು.

ಆ ದಿನ ಮಾಕಳಿಯ ಶೆಡ್ಡಿನಲ್ಲಿ ಒಂದು ಗೇಟು ಮುಗಿಸಿ, ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಬಿಸಿಲಿಗೆ ಸಿಕ್ಕಿಕೊಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ರಕ್ತನಿಧಿಯ ಕುರ್ಚಿಯಲ್ಲಿ ಕೂತೊಡನೆ ಕಣ್ಣಿಗೆ ಕತ್ತಲೆ ಬಂತು.

“ಏನ್ ತಿಂದ್ರಿ?” ಸಿಸ್ಟರ್ ಕೇಳಿದರು.

“ಎಂಜಲು ಬಾಯಲ್ಲಿ ಹೆಂಗ್ ಕೊಡೋದು ಸಿಸ್ಟರ್?”

“ಇದು ಅಭಿಷೇಕ ಅಲ್ಲ ಕಣ್ರೀ. ಇವತ್ತು ನಿಮ್ದು ತಗೊಳಲ್ಲ. ಬೇರೆಯವರದು ಒಂದು ಚೀಲ ಇದೆ, ಟೆಸ್ಟೂ ಆಗಿದೆ. ಅದಕ್ಕೆ ಔಷಧಿ ಬೆರೆಸಿ ಬೆಳಕು ಬಿಟ್ಟಿದೀವಿ. ಬೆಳಕು ಬಿದ್ರೆ ಔಷಧಿ ಕೆಲಸ ಶುರು ಮಾಡತ್ತೆ, ವೈರಸ್ ಇದ್ರೂ ಬೆಳೆಯಕ್ಕಾಗಲ್ಲ. ಪೂರ್ತಿ ಗ್ಯಾರಂಟಿ ಅಂತಲ್ಲ, ಅಪಾಯ ತುಂಬಾ ಕಮ್ಮಿ.”

“ನಂದಕ್ಕೂ ಬಿಡ್ತಿದ್ರಾ?”

“ಎಲ್ಲರದಕ್ಕೂ.”

ಇಷ್ಟು ದಿನದ ನನ್ನ ಮಡಿಯನ್ನೂ ಇವರು ಆ ಬೆಳಕಿಗೇ ಒಡ್ಡಿದ್ದರು. ಸಿಟ್ಟು ಬರಬೇಕಿತ್ತು. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣ ಇರಲಿಲ್ಲ.

ವಾರ್ಡಿನಲ್ಲಿ ಅವಳು ವಸಡಿಗೆ ಹತ್ತಿ ಒತ್ತಿಕೊಂಡು ಮಲಗಿದ್ದಳು. ಬೆಳಗಿನಿಂದ ರಕ್ತ ನಿಂತಿರಲಿಲ್ಲ. ನಡೆದದ್ದನ್ನು ಹೇಳಿದೆ.

“ಬೇರೆಯವರದು ಬೇಡ. ನಾಳೆ ನೀವೇ ಕೊಡಿ.”

“ನಾಳೆವರೆಗೂ ಕಾಯಕ್ಕಾಗಲ್ಲ ಅಂತಿದಾರೆ. ನೋಡು, ಕನ್ನಡಕ ಹಾಕ್ದೆ ವೆಲ್ಡಿಂಗ್ ಮಾಡಿ ಕಣ್ಣುರಿ ಅಂತ ಒದ್ದಾಡಿದ್ನಲ್ಲ, ಬರೀ ಬೆಳಕು ತಾನೇ ಅದು? ಇದೂ ಅಂಥದ್ದೇ ಏನೋ, ವೈರಸ್ಸು ತಡ್ಕೊಳಲ್ವಂತೆ.”

ಅವಳು ಮುಖ ತಿರುಗಿಸಿದಳು. ಉಳಿದದ್ದನ್ನೂ ಹೇಳಬೇಕಾಯಿತು.

“ನಂದನ್ನೂ ಆ ಬೆಳಕಲ್ಲಿಟ್ಟೇ ನಿಂಗೆ ಹಾಕ್ತಿದ್ರಂತೆ.”

“ನಿಮ್ದನ್ನೂ?”

“ಹೂಂ.”

ಅವಳು ನನ್ನ ಕಡೆ ತಿರುಗಿದಳು. ಬಾಯಲ್ಲಿ ಹತ್ತಿ ಇಟ್ಟುಕೊಂಡೇ ನಕ್ಕಳೆಂದು ತೋರಿತು. “ಹಂಗಾದ್ರೆ ಯಾರದಾದ್ರೇನು, ಹಾಕ್ಲಿ ಬಿಡಿ. ನೀವು ಮೊದ್ಲು ಹೋಗಿ ಏನಾದ್ರೂ ತಿನ್ನಿ.”

ಕ್ಯಾಂಟೀನಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದಾಗ ಪ್ಲೇಟ್ಲೆಟ್ಟಿನ ಹಳದಿ ಚೀಲ ನೇತಾಡುತ್ತಿತ್ತು. ಯಾರದೋ ಏನೋ. ಅದು ತೊಟ್ಟಿಕ್ಕುವುದನ್ನು ನೋಡುತ್ತಾ, ಅವಳ ಕಾಲ ಬಳಿ ಸ್ಟೂಲಿನಲ್ಲಿ ಕೂತು ತಿಂದೆ.